ಪರದೇಶ ಬೀಗಮೀಮಾಂಸೆ: ಗೋಕಾಕ, ಮೂಡಲಗಿ, ಹುಕ್ಕೇರಿ ಶಾಖೆಗಳ ಶಾಸ್ತ್ರೀಯ ವಿವೇಚನೆ

ತೈತ್ತಿರೀಯೋಪನಿಷತ್ತು ಅತಿಥಿಯನ್ನು ದೇವರ ಸಾಲಿಗೆ ಸೇರಿಸಿ ಕೈತೊಳೆದುಕೊಂಡಿತು. ಆ ದೇವರು ಎಷ್ಟು ತಿಂಗಳು ಇರುತ್ತಾನೆ, ಅವನಿಗೆ ಬಿಸಿ ರೊಟ್ಟಿ ಬಡಿಯುವವರು ಯಾರು, ಮನೆಯಲ್ಲಿ ಹಾಲುಗೂಸಿದ್ದರೆ ಗತಿಯೇನು ಎಂಬುದನ್ನು ಋಷಿಗಳು ಬಿಡಿಸಿ ಹೇಳಲಿಲ್ಲ. ಮೊದಲನೆಯದನ್ನು ಅಮೆರಿಕದ ವಲಸೆ ಅಧಿಕಾರಿಗಳು ಬಗೆಹರಿಸಿದ್ದಾರೆ: ಪ್ರವಾಸಿ ವೀಸಾದವರಿಗೆ ಸಾಮಾನ್ಯವಾಗಿ ಆರು ತಿಂಗಳು. ಉಳಿದೆರಡಕ್ಕೆ ಭಾಷ್ಯ ಬರೆಯುವ ಭಾರ ಪ್ರಸ್ತುತ ಲೇಖಕನ ಹೆಗಲಿಗೆ ಬಿದ್ದಿದೆ. ಕ್ಷೇತ್ರಕಾರ್ಯ ನಡೆದದ್ದು ಡಲ್ಲಾಸಿನ ಬಾಡಿಗೆ ಮನೆಯೊಂದರಲ್ಲಿ, ಬಹುಪಾಲು ನಿದ್ದೆಗೆಟ್ಟು.

ಬಂದವರು ಅತಿಥಿಗಳು, ಮನೆಯಲ್ಲಿರುವವರು ಯಜಮಾನರು ಎಂಬುದು ಪೂರ್ವಪಕ್ಷ. ಇದು ನಿಲ್ಲುವುದಿಲ್ಲ. ಗೋಕಾಕದ ಅತ್ತಿ ಬೂಟು ಕಳಚುವ ಮೊದಲೇ, ‘ಸಾಸಿವಿ ಡಬ್ಬಿ ಎಲ್ಲೈತಿ?’ ಎಂದು ಕೇಳುತ್ತಾರೆ. ಡಬ್ಬಿ ಎಲ್ಲಿದೆಯೆಂದು ಮಗಳಿಗೂ ಗೊತ್ತಿಲ್ಲ, ಅಳಿಯನಿಗಂತೂ ಇಲ್ಲ. ಅಲ್ಲಿಗೆ ಅಧಿಕಾರ ಹಸ್ತಾಂತರ ಮುಗಿಯಿತು.

ಸಾಮಾನು ಪ್ರಕರಣಕ್ಕೆ ಬರೋಣ. ವಿಮಾನದವರು ತಲೆಗೆ 23 ಕೆ.ಜಿ.ಯ ಎರಡು ಬ್ಯಾಗು ಬಿಡುತ್ತಾರೆ. ಅದರಲ್ಲಿ ಅರಿವೆ ಎಂಬುದು ಕರದಂಟಿನ ಡಬ್ಬಿ ಒಡೆಯದಂತೆ ಸುತ್ತಲು ಬಳಸುವ ವಸ್ತು. ಬೆಲ್ಲ, ಅಂಟು, ಉತ್ತತ್ತಿ, ಒಣಕೊಬ್ಬರಿ, ಗೋಡಂಬಿ ಕೂಡಿದ ಈ ಪದಾರ್ಥ ಬಾಣಂತಿಯ ನಡುವಿಗೆ ಬಲ ಕೊಡುತ್ತದೆಂಬುದು ಗೋಕಾಕ ಶಾಖೆಯ ಮತ. ಹೆರಿಗೆಯಾಗಿ ಎರಡು ವರ್ಷವಾಗಿದ್ದರೂ ಮತ ಬದಲಾಗುವುದಿಲ್ಲ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕಡಕ ರೊಟ್ಟಿ ಸುಂಕದ ಕಟ್ಟೆ ದಾಟಿ ಬಂದವು. ಹಸಿ ಕರಿಬೇವಿಗೆ ಅಮೆರಿಕದಲ್ಲಿ ಪ್ರವೇಶವಿಲ್ಲ, ಗಿಡದ ರೋಗ ತರುತ್ತದೆಂದು ಅದನ್ನು ಅಲ್ಲೇ ಕಸಿದರು. ‘ಅಷ್ಟ ಕರಿಬೇವಿಗೆ ಇವರ ದೇಶಕ್ಕ ಏನ ಆಕ್ಕಿತ್ತು?’ ಎಂಬ ಮಾವನವರ ಪ್ರಶ್ನೆ ಆರು ತಿಂಗಳು ಊಟದ ಹೊತ್ತಿಗೆಲ್ಲ ಪುನರುಕ್ತವಾಗಿ, ಶಾಸ್ತ್ರವಾಕ್ಯದ ಪದವಿ ಪಡೆಯಿತು.

ಜಲಪಾತ ವಾದ ಈ ಶಾಖೆಯ ಶಿಖರ. ನಯಾಗರದ ಮುಂದೆ ಪ್ಲಾಸ್ಟಿಕ್ ರೇನ್‌ಕೋಟು ತೊಟ್ಟು ನಿಂತ ಮಾವನವರು, ‘ನಮ್ಮದೂ ಇಷ್ಟ ಐತಿ’ ಎಂದರು. ಅಳಿಯ ನಕ್ಕನು. ನಗಬಾರದಿತ್ತು: ಘಟಪ್ರಭೆ ಗೋಕಾಕದಲ್ಲಿ ಸುಮಾರು 52 ಮೀಟರು ಧುಮುಕುತ್ತದೆ, ನಯಾಗರದ ಕುದುರೆಲಾಳ ಜಲಪಾತ ಸುಮಾರು 57. ಆಕಾರವೂ ಎರಡಕ್ಕೂ ಲಾಳದ್ದೇ. ನಯಾಗರದ ದೊಡ್ಡ ವಿದ್ಯುತ್ ಸ್ಥಾವರ ಶುರುವಾದದ್ದು 1895ರಲ್ಲಿ. ಗೋಕಾಕದಲ್ಲಿ ನೀರಿನ ಬಲದಿಂದ ಗಿರಣಿ ತಿರುಗಿದ್ದು 1887ರಲ್ಲೇ. ಅಗಲದ ಮಾತನ್ನು ಮಾತ್ರ ಯಾರೂ ಎತ್ತಬಾರದು. ಬೇಸಿಗೆಯಲ್ಲಿ ನೀರೆಷ್ಟು ಎಂಬುದನ್ನಂತೂ ಕೇಳಲೇಬಾರದು.

ಮೂಡಲಗಿ ಶಾಖೆ ಚಿಕ್ಕದು, ಆದರೆ ಹರಿತ. ದನದ ಪ್ಯಾಟಿಯಲ್ಲಿ ಟವೆಲ್ ಮರೆಯಲ್ಲಿ ಬೆರಳು ಹಿಡಿದು ಎಮ್ಮೆಯ ರೇಟು ಕುದುರಿಸಿದ ಕಾಕಾ, ಕಾರಿನ ಅಂಗಡಿಯಲ್ಲಿ ಗಾಡಿಯ ಸುತ್ತ ಮೂರು ಸಲ ತಿರುಗಿ, ಗಾಲಿಗೊಂದು ಒದ್ದು, ‘ಇದು ಎಷ್ಟ ಈತ ಐತಿ?’, ಅಂದರೆ ಎಷ್ಟು ಸಲ ಈದಿದೆ, ಎಂದರು. ಅನುವಾದಿಸಲು ಹೋದ ಲೇಖಕನಿಗೆ ಮಾರಾಟಗಾರ ನೀರು ತಂದುಕೊಟ್ಟ.

ಹುಕ್ಕೇರಿ ಶಾಖೆಯದು ವಿದ್ಯುದ್ವೈರಾಗ್ಯ. 1969ರಿಂದ ತಮ್ಮದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ನಡೆಸಿಕೊಂಡು ಬಂದ ತಾಲ್ಲೂಕಿನವರಿಗೆ ಕರೆಂಟು ಪರರ ಸ್ವತ್ತಲ್ಲ. ಖಾಲಿ ಕೋಣೆಯ ದೀಪ ಕಂಡರೆ ಸಹಿಸುವುದಿಲ್ಲ. ಅಳಿಯ ಸ್ನಾನಕ್ಕೆ ನಿಂತಿದ್ದರೂ ಆರಿಸುತ್ತಾರೆ. ಇದೇ ಶಾಖೆಯವರು ತಂದ ಸಂಕೇಶ್ವರದ ಮೆಣಸಿನಕಾಯಿ ಒಗ್ಗರಣೆಗೆ ಬಿದ್ದದ್ದು, ಒಂದೂವರೆ ತಾಸು ತೂಗಿದ ಮೇಲೆ ಕೂಸು ಆಗತಾನೇ ಕಣ್ಣು ಮುಚ್ಚಿದ್ದ ಗಳಿಗೆಯಲ್ಲಿ. ಛಾವಣಿಯ ಹೊಗೆಗಂಟೆ ಕಿರುಚಿತು, ಕೂಸು ಅದರ ಮೇಲಿನ ಸ್ಥಾಯಿ ಹಿಡಿಯಿತು. ಅತ್ತಿ ಸ್ಟೂಲು ಹತ್ತಿ ಸೆರಗಿನಿಂದ ಗಂಟೆಗೆ ಗಾಳಿ ಹಾಕುತ್ತಾ, ‘ಸುಮ್ಕಿರವ್ವಾ, ಆತು, ಆತು’ ಎಂದರು. ಸಮಾಧಾನ ಹೇಳಿದ್ದು ಯಂತ್ರಕ್ಕೋ ಮೊಮ್ಮಗಳಿಗೋ ಎಂಬಲ್ಲಿ ಭಾಷ್ಯಕಾರರಿಗೆ ಮತಭೇದವಿದೆ. ಎರಡೂ ಸುಮ್ಮನಾದವು.

ಡಲ್ಲಾಸಿನ ಬೇಸಿಗೆಯ ನಸುಕಿನ ಮೂರು ಗಂಟೆ ಎಂದರೆ ಗೋಕಾಕದ ಮಧ್ಯಾಹ್ನ ಒಂದೂವರೆ, ಊಟದ ವೇಳೆ. ಆ ಹೊತ್ತಿಗೆ ಎಚ್ಚರಿರುವವರು ಮನೆಯಲ್ಲಿ ಇಬ್ಬರೇ, ಅಜ್ಜ ಮತ್ತು ಕೂಸು. ಅವರು ಕಡಕ ರೊಟ್ಟಿ ಮುರಿಯುವ ಸಪ್ಪಳ ಕೇಳುತ್ತಾ ಎಂಟು ತಿಂಗಳ ಮೇಲೆ ಮೊದಲ ಸಲ ಬೆಳತನಕ ಮಲಗಿದ ದಂಪತಿ ಊರಿಗೆ ಹೇಳುವುದು ಮಾತ್ರ, ‘ಅಪ್ಪ-ಅವ್ವಗ ಅಮೆರಿಕಾ ತೋರಸಾಕತ್ತೀವಿ’ ಎಂದು. ತೋರಿಸಿದ್ದು ಒಂದು ನಯಾಗರ. ಉಳಿದದ್ದೆಲ್ಲ ಅಡಿಗೆಮನೆ, ಡೈಪರು, ಪಾರ್ಕಿನ ಜೋಕಾಲಿ. ಡೇಕೇರಿನ ಆರು ತಿಂಗಳ ಬಿಲ್ಲನ್ನೂ ಎರಡು ವಿಮಾನದ ಟಿಕೆಟನ್ನೂ ಪಕ್ಕಪಕ್ಕ ಇಟ್ಟು ನೋಡಿದವನಲ್ಲಿ ಮಾತೃಪಿತೃಭಕ್ತಿ ತಾನಾಗಿ ಉಕ್ಕುತ್ತದೆ. ಆದ್ದರಿಂದಲೇ ಹೆಣ್ಣಿನ ಕಡೆಯವರು ಹೊರಡುವ ವಾರ ಗಂಡಿನ ಕಡೆಯವರು ಇಳಿಯುವಂತೆ ಟಿಕೆಟು ತೆಗೆಯುವುದು ಪಂಚಾಂಗ ನೋಡಿ ಲಗ್ನ ಕಟ್ಟುವುದಕ್ಕಿಂತ ಸೂಕ್ಷ್ಮ ಗಣಿತ. ಲೆಕ್ಕ ತಪ್ಪಿ ಉಭಯ ಬೀಗಿತಿಯರೂ ಒಂದೇ ಒಲೆಯ ಮುಂದೆ ಹದಿನೈದು ದಿನ ಕೂಡಿದರೆ ಸಾರಿಗೆ ಬೆಲ್ಲ ಹಾಕಬೇಕೋ ಬೇಡವೋ, ಕೂಸಿನ ಮೂಗು ಯಾರ ಕಡೆಯದು ಮೊದಲಾದ ಮಹಾಪ್ರಶ್ನೆಗಳು ಏಳುತ್ತವೆ. ಆ ಅಧ್ಯಾಯ ಬರೆದು ಸಿದ್ಧವಿದೆ. ಹಸ್ತಪ್ರತಿಯನ್ನು ಮೊದಲು ಓದುವವಳು ಹೆಂಡತಿಯಾದ್ದರಿಂದ ಸದ್ಯ ಅದನ್ನು ಕೈಬಿಡಲಾಗಿದೆ.