ಅರ್ಧ ದಿನಕ್ಕೊಂದು ಮೀಟರ್

ವಿಜ್ಞಾನ ಓದಿದ ಗಂಡಸನ್ನು ಮನೆಯಲ್ಲಿ ಒಬ್ಬನನ್ನೇ ಬಿಟ್ಟು ಹೋಗಬಾರದು ಅಂತ ನನ್ನ ಹೆಂಡತಿ ಈಗ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದಾಳೆ. ಅವಳು ಮೈಸೂರಿನ ತವರಿಗೆ ಹೋದ ಹೊತ್ತಿಗೇ ತೀರ್ಥಹಳ್ಳಿಯಿಂದ ಅಮ್ಮ ಬಸ್ಸಿನಲ್ಲಿ ಕಳಲೆ ಕಳಿಸಿದ್ದಳು. ಮಳೆಗಾಲದ ಎಳೆಬಿದಿರಿನ ಮೊಳಕೆ. ಹಸಿಯಾಗಿ ತಿನ್ನುವಂತಿಲ್ಲ, ಅದರಲ್ಲಿರುವ ಟ್ಯಾಕ್ಸಿಫಿಲಿನ್ ಒಡೆದರೆ ಸಯನೈಡ್ ಬಿಡುತ್ತದೆ. ಮಲೆನಾಡಿನ ಅಜ್ಜಿಯರಿಗೆ ಆ ಹೆಸರು ಗೊತ್ತಿರಲಿಲ್ಲ, ಉಪಾಯ ಗೊತ್ತಿತ್ತು: ಹೆಚ್ಚಿ ಮೂರು ದಿನ ನೆನೆಹಾಕು, ದಿನಾ ನೀರು ಚೆಲ್ಲಿ ಹೊಸ ನೀರು ಹಾಕು, ಆಮೇಲೆ ಬೇಯಿಸು. "ನೀರು ಬದಲಾಯ್ಸೋದು ಮರೀಬೇಡ ಮಾರಾಯ, ವಾಸನೆ ಬರ್ತದೆ" ಅಂತ ಅಮ್ಮ ಫೋನಿನಲ್ಲಿ ಎಚ್ಚರಿಸಿಯೂ ಇದ್ದಳು.

ವಾಸನೆಯ ವಿಷಯವನ್ನು ನನಗೆ ಹೇಳುವುದೇ? ಹಾಲಿನ ಲೆಕ್ಕದ ಚೀಟಿಯ ಹಿಂಬದಿಯಲ್ಲಿ ಅಲ್ಲೇ ಲೆಕ್ಕ ಹಾಕಿದೆ. ವಾಸನೆ ಅಂದರೆ ವಸ್ತುವಿನಿಂದ ಹಾರಿಬಂದ ಅಣುಗಳು. ಅವು ಸೆಕೆಂಡಿಗೆ 200 ಮೀಟರಿಗೂ ಹೆಚ್ಚು ವೇಗದಲ್ಲಿ ಓಡುತ್ತವೆ. ಆದರೆ ದಾರಿಯಲ್ಲಿ ಗಾಳಿಯ ಅಣುಗಳು ಬಿಡಬೇಕಲ್ಲ? ಒಂದೊಂದಕ್ಕೂ ಸೆಕೆಂಡಿಗೆ ನೂರಾರು ಕೋಟಿ ಡಿಕ್ಕಿ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವಿನ ಬುಟ್ಟಿ ಹೊತ್ತವನ ಹಾಗೆ, ಕಾಲು ಓಡುತ್ತಲೇ ಇರುತ್ತದೆ, ಆಸಾಮಿ ಮಾತ್ರ ಅಲ್ಲೇ ಇರುತ್ತಾನೆ. ಹೀಗೆ ಡಿಕ್ಕಿ ಹೊಡೆಯುತ್ತ ಹರಡುವುದೇ ವಿಸರಣೆ. ನಿಂತ ಗಾಳಿಯಲ್ಲಿ ವಾಸನೆ ಈ ರೀತಿ ಒಂದು ಮೀಟರ್ ಸಾಗಲು ಅರ್ಧ ದಿನಕ್ಕೂ ಹೆಚ್ಚು ಬೇಕು. ದೂರ ಹತ್ತು ಪಟ್ಟಾದರೆ ಹೊತ್ತು ನೂರು ಪಟ್ಟು. ಹತ್ತು ಮೀಟರ್ ಮೇಲಿನ ಮನೆಗೆ ಮುಟ್ಟಲು ಎರಡು ತಿಂಗಳು ಹತ್ತಿರ ಹತ್ತಿರ. ಅಷ್ಟರಲ್ಲಿ ಕಳಲೆ ಹುಳಿಯಾಗಿ, ಹೊಟ್ಟೆಗಿಳಿದು, ಅಡುಗೆಯವನಿಗೇ ಮರೆತುಹೋಗಿರುತ್ತದೆ.

ಲೆಕ್ಕದಲ್ಲಿ ತಪ್ಪಿರಲಿಲ್ಲ. ಇವತ್ತಿಗೂ ಇಲ್ಲ. ಗಾಳಿ ನಿಂತಿರಲಿಲ್ಲ, ಅಷ್ಟೇ.

ಕಳಲೆಯ ಬಕೆಟ್ಟನ್ನು ಅತಿಥಿಗಳ ಬಚ್ಚಲಿಗೆ ಇಟ್ಟೆ. ಮುಚ್ಚಳ ಸರಿಯಾಗಿ ಕೂರಲಿಲ್ಲ. ವಿಸರಣೆಯ ಮೇಲೆ ಭರವಸೆಯಿದ್ದವನಿಗೆ ಮುಚ್ಚಳವೇಕೆ? ಆಫೀಸಿನ ಗಡಿಬಿಡಿಯಲ್ಲಿ ನೀರು ಬದಲಾಯಿಸಲಿಲ್ಲ. ಹೆಂಡತಿ ಬರುವಷ್ಟರಲ್ಲಿ ಮನೆ ಘಮ್ಮೆನ್ನಬಾರದು ಅಂತ ಎಕ್ಸಾಸ್ಟ್ ಫ್ಯಾನ್ ಮಾತ್ರ ಹಗಲೂ ರಾತ್ರಿ ಓಡುತ್ತಿತ್ತು. ಮನೆಯ ವಾಸನೆಯನ್ನು ಹೊರಗೆ ಹಾಕುತ್ತದೆ ಎಂಬುದು ನನಗೆ ಗೊತ್ತಿತ್ತು. ಆ 'ಹೊರಗೆ' ಎಲ್ಲಿದೆ ಎಂದು ಬಗ್ಗಿ ನೋಡಿರಲಿಲ್ಲ. ಬಚ್ಚಲಿನ ಹಿಂದೆ ಪೈಪುಗಳು ಓಡುವ ಡಕ್ಟ್ ಇದೆ, ಮೇಲಿನ ಎಲ್ಲ ಮನೆಗಳ ಬಚ್ಚಲ ಕಿಟಕಿಗಳೂ ಅದಕ್ಕೇ ತೆರೆಯುತ್ತವೆ. ಹೊರಗೆ ಜಿಟಿಜಿಟಿ ಮಳೆ, ತಂಪು. ಕಟ್ಟಡದ ಒಳಗೆ ಬೆಚ್ಚಗೆ. ಬೆಚ್ಚನೆಯ ಗಾಳಿ ಹಗುರ, ಡಕ್ಟಿನಲ್ಲಿ ಮೇಲಕ್ಕೇರಿತು. ಎರಡು ತಿಂಗಳ ಪ್ರಯಾಣ ಒಂದೆರಡು ನಿಮಿಷದಲ್ಲಿ ಮುಗಿಯಿತು.

ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು ಮನುಷ್ಯನಿಗೆ ಸುಮಾರು 400 ಬಗೆ. ಅವುಗಳ ಜೀನ್‌ಗಳನ್ನು ಕಂಡುಹಿಡಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್‌ರಿಗೆ 2004ರಲ್ಲಿ ನೊಬೆಲ್ ಬಂತು. ನಮ್ಮ ಅಸೋಸಿಯೇಷನ್ ಕಾರ್ಯದರ್ಶಿಗಳ ಮೂಗಿಗೆ ಇರುವುದು ಒಂದೇ ಅನುಮಾನ: ಗ್ಯಾಸು. ಅಡುಗೆ ಅನಿಲಕ್ಕೆ ತನ್ನದೇ ವಾಸನೆಯಿಲ್ಲ, ಸೋರಿದರೆ ತಿಳಿಯಲಿ ಅಂತ ಈಥೈಲ್ ಮರ್ಕ್ಯಾಪ್ಟನ್ ಬೆರೆಸುತ್ತಾರೆ ಅನ್ನುವುದು ಅವರಿಗೆ ಗೊತ್ತು. ಆ ಅನಿಲ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತದೆ ಅನ್ನುವುದನ್ನು ಹೇಳಿಕೊಟ್ಟವನು ನಾನೇ. ಹಾಗಾಗಿ ಕಾರ್ಯದರ್ಶಿ, ಖಜಾಂಚಿ, ವಾಚ್‌ಮನ್ ಮೂವರೂ ಮೂರನೇ ಮಹಡಿಯ ಕಾರಿಡಾರಿನಲ್ಲಿ ಮಂಡಿಯೂರಿ ಟೈಲ್ಸ್ ಮೂಸುತ್ತ ಹೊರಟರು. ಹಿಂದೆ ನಾನು, ಮಾರ್ಗದರ್ಶಕ.

ಎಲ್ಲರ ಮನೆಯ ಒಲೆ ಆರಿಸಿದರು, ಪ್ಲಂಬರ್ ಬಂದು ಚೇಂಬರ್ ತೆಗೆದ. ವಾಸನೆ ಹೋಗಲಿಲ್ಲ. ನಮ್ಮ ಮನೆಗೂ ಬಂದು "ಸಾರ್, ನಿಮ್ಮಲ್ಲಿ ಏನಾದ್ರೂ ವಾಸನೆ?" ಅಂದರು. ನಾನು ಬಾಗಿಲಲ್ಲಿ ನಿಂತು ದೀರ್ಘವಾಗಿ ಉಸಿರೆಳೆದು "ಏನೂ ಇಲ್ಲವಲ್ಲ" ಅಂದೆ. ಸುಳ್ಳಲ್ಲ, ದೇವರಾಣೆ. ಒಂದೇ ವಾಸನೆ ಬಡಿಯುತ್ತಲೇ ಇದ್ದರೆ ಮೂಗು ಕೆಲವು ನಿಮಿಷಗಳಲ್ಲೇ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಟ್ಟುಬಿಡುತ್ತದೆ. ನನ್ನದಂತೂ ಆಗಲೇ ಬಿಟ್ಟಿತ್ತು. ಅವರು ಮೂವರೂ ಒಂದು ಹೆಜ್ಜೆ ಹಿಂದೆ ಸರಿದದ್ದನ್ನು ನಾನು ಮರ್ಯಾದೆ ಅಂದುಕೊಂಡೆ.

ಐದನೇ ಮಹಡಿಯ ಹಿರಿಯರೊಬ್ಬರದು ಬೇರೆಯೇ ವಾದ. ರೇಸ್‌ಕೋರ್ಸಿನ ಹತ್ತಿರ ಹುಟ್ಟಿ ಬೆಳೆದವರು. "ಇದು ಕುದುರೆ ಲಾಯದ ವಾಸನೆ ಕಣ್ರೀ. ಯಾರೋ ಕುದುರೆ ಸಾಕಿದ್ದಾರೆ" ಅಂದರು. ಎಲ್ಲರೂ ನಕ್ಕೆವು, ನಾನು ಎಲ್ಲರಿಗಿಂತ ಜೋರಾಗಿ. ಕಳಲೆ ಹುಳಿತಾಗ ಬರುವ ವಾಸನೆಗೆ ಮುಖ್ಯ ಕಾರಣ ಪ್ಯಾರಾ ಕ್ರೆಸಾಲ್, ಕುದುರೆ ಲಾಯದ ವಾಸನೆಯಲ್ಲೂ ಇರುವುದು ಅದೇ. ಇಡೀ ಕಟ್ಟಡದಲ್ಲಿ ಸರಿಯಾದ ಮೂಗು ಇದ್ದದ್ದು ಅವರೊಬ್ಬರಿಗೇ.

ನಿಜವಾದ ಅನಾಹುತ ನಾಲ್ಕನೇ ಮಹಡಿಯಲ್ಲಿ ಆಯಿತು. ಅಲ್ಲಿನ ಮೇಡಂ "ನಮ್ಮ ಬಚ್ಚಲಲ್ಲೇ ಜಾಸ್ತಿ ಬರ್ತಿದೆ, ಎಲ್ಲಿಂದ ಇರಬಹುದು?" ಎಂದು ಕೇಳಿದರು. ನಾನು ಹಾಲಿನ ಚೀಟಿಯ ನೆನಪಿನಲ್ಲಿ, "ನೋಡಿ ಮೇಡಂ, ಅರ್ಧ ದಿನಕ್ಕೆ ವಾಸನೆ ಒಂದು ಮೀಟರ್ ಕೂಡ ಹೋಗೋದಿಲ್ಲ. ಬೆಳಿಗ್ಗೆಯಿಂದ ಬರ್ತಿದೆ ಅಂದ್ರೆ, ಅದರ ಮೂಲ ನಿಮ್ಮಿಂದ ಒಂದು ಮೀಟರ್ ಒಳಗೇ ಇರಬೇಕು" ಅಂದೆ. ಮೇಡಂ ತಮ್ಮ ಯಜಮಾನರ ಮುಖ ನೋಡಿದರು. ಯಜಮಾನರು ನನ್ನ ಮುಖ ನೋಡಿದರು. ಆಮೇಲೆ ಬಾಗಿಲು ಹಾಕಿದ ಸದ್ದು ಮಾತ್ರ ನೆನಪಿದೆ. ಅವರು ಈಗಲೂ ನನ್ನ ಜೊತೆ ಲಿಫ್ಟ್ ಹತ್ತುವುದಿಲ್ಲ.

ಲಿಫ್ಟ್ ಅಂದಾಗ ನೆನಪಾಯಿತು. ಅದು ಮೇಲೆ ಕೆಳಗೆ ಓಡಾಡುವಾಗ ತನ್ನ ಮುಂದಿರುವ ಗಾಳಿಯನ್ನು ತಳ್ಳಿಕೊಂಡೇ ಹೋಗುತ್ತದೆ. ಹೀಗೆ ವಾಸನೆ ಬೇಸ್‌ಮೆಂಟಿಗೂ ಇಳಿದಿತ್ತು. ಹೆಂಡತಿ ಮೈಸೂರಿನಿಂದ ಬಂದವಳು ಸೂಟ್‌ಕೇಸ್ ಹಿಡಿದು ಲಿಫ್ಟಿನ ಬಾಗಿಲು ತೆರೆದಳು, ಅಲ್ಲಿಂದಲೇ ಫೋನ್ ಮಾಡಿದಳು: "ರೀ, ಕಳಲೆ ನೀರು ಬದಲಾಯ್ಸಿಲ್ಲ ಅಲ್ವಾ?"

ಮಣಿಪುರದಲ್ಲಿ ಬೇಕೆಂದೇ ಹೀಗೆ ಹುಳಿಬರಿಸಿ ಸೋಯಿಬಮ್ ಎಂದು ಪ್ರೀತಿಯಿಂದ ತಿನ್ನುತ್ತಾರೆ ಎಂದು ನಾನು ವಾದಿಸಿ ನೋಡಿದೆ. "ಹಾಗಾದ್ರೆ ಬಕೆಟ್ ತಗೊಂಡು ಅಲ್ಲಿಗೇ ಹೊರಡಿ" ಅಂದಳು. ಹುಳಿ ಮಾಡುವ ಆಸೆ ಬಿಟ್ಟು, ಎಲ್ಲವನ್ನೂ ಎರಡೆರಡು ಕವರಿನಲ್ಲಿ ಕಟ್ಟಿ ರಾತ್ರಿ ಹೊತ್ತು ಕೆಳಗಿಳಿಸಿದೆ. ವಾಚ್‌ಮನ್ ನೋಡಿದ, ಏನೂ ಕೇಳಲಿಲ್ಲ, ಮೂಗು ಮಾತ್ರ ಮುಚ್ಚಿಕೊಂಡ.

ಆದ್ದರಿಂದ ಅಪಾರ್ಟ್‌ಮೆಂಟಿನಲ್ಲಿರುವ ಮಲೆನಾಡಿನವರಲ್ಲಿ ಒಂದು ವಿನಂತಿ. ಕಳಲೆ ನೆನೆಹಾಕುವಾಗ ಮುಚ್ಚಳ ಬಿಗಿಯಾಗಿ ಹಾಕಿ, ಫ್ಯಾನ್ ಆರಿಸಿ, ನೀರು ದಿನಾ ಬದಲಾಯಿಸಿ. ಮೇಲಿನ ಮನೆಯವರು ವಾಸನೆ ಎಲ್ಲಿಂದ ಅಂತ ಕೇಳಿದರೆ ದಯವಿಟ್ಟು ಲೆಕ್ಕ ಹೇಳಬೇಡಿ.