ವಿದ್ಯುದ್ಯಂತ್ರಸಹಿತ ಅಶ್ವಮುಂಡನ ಮೀಮಾಂಸೆ

ಇಂಗ್ಲೆಂಡ್, ಐರ್ಲೆಂಡ್ ಮೊದಲಾದ ಶೀತದೇಶಗಳಲ್ಲಿ ಅಕ್ಟೋಬರ್ ಬಂತೆಂದರೆ ಕುದುರೆಲಾಯಗಳಲ್ಲಿ ಒಂದು ವಿಚಿತ್ರ ಕರ್ಮ ಶುರುವಾಗುತ್ತದೆ. ಚಳಿಗೆಂದು ದೇವರು ಪುಕ್ಕಟೆ ಕೊಟ್ಟ ತುಪ್ಪಳವನ್ನು ಕರೆಂಟ್ ಮಷೀನು ಹಿಡಿದು ಬೋಳಿಸುತ್ತಾರೆ. ಬೋಳಿಸಿದ ಮೇಲೆ, ಅಯ್ಯೋ ಪಾಪ ಚಳಿಯಾದೀತೆಂದು, ದುಡ್ಡು ಕೊಟ್ಟು ತಂದ ಕಂಬಳಿ ಹೊದಿಸುತ್ತಾರೆ. ಇದು ಬುದ್ಧಿಯೋ ಭ್ರಾಂತಿಯೋ ಎಂಬ ಸಂಶಯದಿಂದ ಪ್ರಸ್ತುತ ಶಾಸ್ತ್ರ ಹುಟ್ಟಿತು. ಅಶ್ವವೈದ್ಯಕ್ಕೆ ಮೂಲಪುರುಷನೆನಿಸಿದ ಶಾಲಿಹೋತ್ರ ಮುನಿ ಈ ಯಂತ್ರದ ಬಗ್ಗೆ ಮೌನಿ. ಆಶ್ರಮದಲ್ಲಿ ಪ್ಲಗ್ ಪಾಯಿಂಟ್ ಇರಲಿಲ್ಲವೆಂಬುದೇ ಇದಕ್ಕೆ ಕಾರಣವೆಂದು ಭಾಷ್ಯಕಾರರು (ಎಂದರೆ ನಾನು) ಊಹಿಸುತ್ತಾರೆ.

ಪೂರ್ವಪಕ್ಷ: ಬೆಳೆದದ್ದನ್ನು ಬೋಳಿಸುವುದೇಕೆ? ಸಿದ್ಧಾಂತ: ತುಪ್ಪಳಕ್ಕೆ ಅಪ್ಪಣೆ ಕೊಡುವುದು ಚಳಿಗಿಂತ ಹೆಚ್ಚಾಗಿ ಹಗಲಿನ ಉದ್ದ. ಜೂನ್ ಕಳೆದು ಹಗಲು ಕುಗ್ಗತೊಡಗಿದರೆ ಕುದುರೆಯ ಚರ್ಮಕ್ಕೆ ಸುದ್ದಿ ಮುಟ್ಟುತ್ತದೆ. ಬಯಲಲ್ಲಿ ಮೇಯ್ದುಕೊಂಡು ಸುಮ್ಮನಿರುವ ಕುದುರೆಗೆ ಅದು ಸರಿಯೇ. ಚಳಿಗಾಲವಿಡೀ ಓಡುತ್ತ ಜಿಗಿಯುತ್ತ ದುಡಿಯುವ ಕುದುರೆಯಾದರೋ ಆ ತುಪ್ಪಳದೊಳಗೇ ಬೆವರುತ್ತದೆ. ಬೆವರು ಬೇಗ ಆರುವುದಿಲ್ಲ, ಒದ್ದೆ ಮೈಗೆ ಗಾಳಿ ಬಡಿದರೆ ಚಳಿ ಹಿಡಿಯುತ್ತದೆ. ಆದ್ದರಿಂದ ಮುಂಡನವೂ ಯುಕ್ತ, ಕಂಬಳಿಯೂ ಯುಕ್ತ, ಕಂಬಳಿ ಮಾರುವವನ ಸಂತೋಷವಂತೂ ಪರಮಯುಕ್ತ.

ಅಧಿಕಾರಿ ನಿರ್ಣಯ. ಮಿಂದು, ಚೆನ್ನಾಗಿ ಒಣಗಿದ ಕುದುರೆಯೇ ಮುಂಡನಕ್ಕೆ ಅಧಿಕಾರಿ. ಮೈಮೇಲೆ ಮಣ್ಣಿದ್ದರೆ ಬ್ಲೇಡು ಮೊಂಡಾಗುತ್ತದೆ, ಮೊಂಡು ಬ್ಲೇಡು ಕೂದಲನ್ನು ಕತ್ತರಿಸುವ ಬದಲು ಕೀಳುತ್ತದೆ, ಕಿತ್ತದ್ದಕ್ಕೆ ಉತ್ತರ ಹಿಂಗಾಲಿನಿಂದ ಬರುತ್ತದೆ. ಕರ್ತೃವಿಗೆ ರಬ್ಬರ್ ಅಟ್ಟೆಯ ಬೂಟು, ತಲೆಗೆ ಹೆಲ್ಮೆಟ್ ವಿಹಿತ. ಹೊಟ್ಟೆಯಡಿ ಬೋಳಿಸುವಾಗ ಮಂಡಿಯೂರಕೂಡದು, ಬಗ್ಗಿಯೇ ನಿಲ್ಲಬೇಕು. ಮಂಡಿಯೂರಿದವನ ಭಕ್ತಿ ದೊಡ್ಡದಿರಬಹುದು, ಓಟ ನಿಧಾನ. ಕುದುರೆ ಹಿಡಿದವನು ಕರ್ತೃ ಇರುವ ಮಗ್ಗುಲಲ್ಲೇ ನಿಲ್ಲಬೇಕೆಂಬುದು ನಿಯಮ. ತಲೆಯನ್ನು ತನ್ನತ್ತ ಎಳೆದರೆ ಹಿಂಭಾಗ ಆಚೆಗೆ ಹೋಗುತ್ತದೆ. ಎದುರು ಮಗ್ಗುಲಲ್ಲಿದ್ದು ಎಳೆದರೆ ಎಲ್ಲಿಗೆ ಬರುತ್ತದೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನು ಕಬ್ಬಿಣದ ಲಾಳ, ಒದ್ದೆ ನೆಲ, ಕಾಲಡಿಯ ವೈರು, ಈ ಮೂರರ ಸಂಯೋಗಕ್ಕೆ ಪ್ರಳಯವೆಂದು ಹೆಸರು. ಪರಿಹಾರಾರ್ಥವಾಗಿ ಒಣ ನೆಲ, ರಬ್ಬರ್ ಚಾಪೆ, ಕರೆಂಟ್ ಸೋರಿದ ಕ್ಷಣವೇ ಕಡಿದುಹಾಕುವ ಆರ್‌ಸಿಡಿ ಸ್ವಿಚ್.

ಪ್ರಮಾಣಗಳು ಮೂರು. ಬ್ಲೇಡು ಕಾದಿದೆಯೇ ಎಂದು ಆಗಾಗ ಮುಂಗೈಗೆ ಒತ್ತಿ ನೋಡುವುದು ಪ್ರತ್ಯಕ್ಷ. ಎಲ್ಲೆಲ್ಲಿ ಬಿಸಿಯೋ ಅಲ್ಲಲ್ಲಿ ಎಣ್ಣೆಯ ಅಭಾವ, ಇಲ್ಲವೇ ಗಾಳಿತೂತಿನಲ್ಲಿ ಕೂದಲು, ಅಥವಾ ತಿರುಪು ಅತಿ ಬಿಗಿ ಎಂಬುದು ಅನುಮಾನ. ಕುದುರೆ ಒಪ್ಪುವುದು ಮಾತ್ರ ಶಬ್ದಪ್ರಮಾಣವೊಂದನ್ನೇ. ಗುರ್ರ್ ಎಂದರೆ ಸಾಕು, ಉಳಿದೆರಡನ್ನು ಅದು ಕೇಳಿಸಿಕೊಳ್ಳುವುದಿಲ್ಲ. ಆದಕಾರಣ ಮೊದಲು ದೂರದಲ್ಲಿ ಮಷೀನು ಓಡಿಸಿ ಕೇಳಿಸಬೇಕು. ಆಮೇಲೆ, ಕಚಗುಳಿ ಕಡಿಮೆಯಿರುವ ಭುಜದ ಮೇಲೆ ಅಂಗೈಯಿಟ್ಟು, ಅಂಗೈ ಮೇಲೆ ಓಡುವ ಮಷೀನಿಟ್ಟು ನಡುಕದ ರುಚಿ ತೋರಿಸಬೇಕು. ಅಲ್ಲಿಂದ ಮುಂದೆ ಕೂದಲು ಮಲಗಿದ ದಿಕ್ಕಿಗೆ ಎದುರಾಗಿ, ಉದ್ದುದ್ದ ಎಳೆತದಲ್ಲಿ ಹೋಗತಕ್ಕದ್ದು. ಮೊಣಕೈಯ ಹಿಂದೆ ಚರ್ಮ ಜೋಲಾಗಿ ಮಡಿಕೆಬಿದ್ದಿರುತ್ತದೆ. ಅಲ್ಲಿ ಮುಂಗಾಲನ್ನು ಮುಂದಕ್ಕೆಳೆದು ಮಡಿಕೆ ಬಿಡಿಸದೆ ಬ್ಲೇಡು ತಾಗಿಸಿದವನು ಕ್ಷೌರಿಕನಲ್ಲ, ಕಟುಕ. ಪಶುವೈದ್ಯರು ಮಂಪರಿನ ಮದ್ದು ಕೊಟ್ಟರೂ ನಿಶ್ಚಿಂತೆಯಿಲ್ಲ. ಮಂಪರಿನಲ್ಲೂ ಗುರಿಯಿಟ್ಟು ಒದೆಯುವುದು ಕುದುರೆಗೆ ಸಾಧ್ಯ.

ಈಗ ನನ್ನ ಮೂಲ ಸಂಶೋಧನೆ. ಕುತ್ತಿಗೆಯ ಮುಂಭಾಗ, ಎದೆ ಮಾತ್ರ ಬೋಳಿಸಿದರೆ ಬಿಬ್ ಕ್ಲಿಪ್; ಬಂಡಿಯೆಳೆಯುವ ಪಟ್ಟಿಯ ಎತ್ತರದವರೆಗೆ ಹೊಟ್ಟೆಯನ್ನೂ ಸೇರಿಸಿದರೆ ಟ್ರೇಸ್ ಕ್ಲಿಪ್; ಬೆನ್ನ ಮೇಲೆ ಕಂಬಳಿಯಾಕಾರ ಉಳಿಸಿದರೆ ಬ್ಲಾಂಕೆಟ್; ಕಾಲುಗಳನ್ನೂ ಜೀನಿನ ಜಾಗವನ್ನೂ ಬಿಟ್ಟು ಎಲ್ಲ ತೆಗೆದರೆ ಹಂಟರ್. ಕುದುರೆಗೆ ಕೆಲಸವೆಷ್ಟು, ಬೆವರೆಷ್ಟು ಎಂಬುದರ ಮೇಲೆ ಈ ವಿಂಗಡಣೆ ಎಂದು ಪ್ರಾಚೀನರ ಮತ. ನನ್ನ ಮತ ಬೇರೆ. ಇವೆಲ್ಲ ಕುದುರೆಯ ತಾಳ್ಮೆ ಎಲ್ಲಿಗೆ ಮುಗಿಯಿತೆಂಬುದರ ಭೂಪಟಗಳು. ಹೊಟ್ಟೆಗೆ ಬರುವಷ್ಟರಲ್ಲಿ ಒದ್ದದ್ದು ಬಿಬ್, ಬೆನ್ನಿಗೆ ಬರುವಷ್ಟರಲ್ಲಿ ಒದ್ದದ್ದು ಟ್ರೇಸ್. ಎಡಗಡೆಯ ಗೆರೆಗೂ ಬಲಗಡೆಯದಕ್ಕೂ ತಾಳೆಯಾಗಲೆಂದು ಸೀಮೆಸುಣ್ಣದಲ್ಲಿ ಮೊದಲೇ ಗುರುತು ಹಾಕಿಕೊಳ್ಳುವುದುಂಟು, ನಿಜ. ಅದು ಕರ್ತೃವಿನ ಆಶಯವಷ್ಟೇ, ಕುದುರೆಯ ರುಜು ಅದರಲ್ಲಿಲ್ಲ.

ಮುಖದ ವಿಚಾರದಲ್ಲಿ ಈ ಮತಕ್ಕೆ ಬಲವಾದ ಆಧಾರ ಸಿಗುತ್ತದೆ. ಬಾಯಿ, ಕಣ್ಣುಗಳ ಸುತ್ತಲಿನ ಮೀಸೆಗೂದಲಿಂದ ಕುದುರೆ ಹತ್ತಿರದ ವಸ್ತುಗಳನ್ನು ಸೋಕಿ ತಿಳಿಯುತ್ತದೆ. ಅದನ್ನು ಕತ್ತರಿಸಿದ ಕುದುರೆಯನ್ನು ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟ 2021ರ ಜುಲೈ 1ರಿಂದ ಸ್ಪರ್ಧೆಗೆ ಸೇರಿಸುವುದಿಲ್ಲ, ಪಶುವೈದ್ಯರೇ ನೋವು ತಪ್ಪಿಸಲು ತೆಗೆದಿದ್ದರೆ ಮಾತ್ರ ವಿನಾಯಿತಿ. ಉಳಿದ ಮುಖಕ್ಕೆ ‘ಅರ್ಧಮುಖ’ವೆಂಬ ಶೈಲಿಯಿದೆ: ಲಗಾಮಿನ ಕೆನ್ನೆಪಟ್ಟಿ ಬೀಳುವ ಗೆರೆಯಿಂದ ಹಿಂದಕ್ಕೆ ಬೋಳು, ಮುಂದಕ್ಕೆ ತುಪ್ಪಳ. ಮಷೀನು ಮೂಗಿನತ್ತ ಹೊರಳಿದ್ದೇ ತಡ, ಕುದುರೆ ತಲೆಯನ್ನು ತೊಲೆಗೆ ತಾಗುವಷ್ಟು ಮೇಲೆತ್ತುತ್ತದೆ. ಕರ್ತೃ ಸ್ವಿಚ್ ಆರಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಕತ್ತು ಓರೆಮಾಡಿ ನೋಡಿ, “ಈ ಸಲ ಅರ್ಧಮುಖವೇ ಲಕ್ಷಣವಾಗಿ ಕಾಣುತ್ತೆ” ಅನ್ನುತ್ತಾನೆ.