ಭಾನುವಾರ ನುಂಗಿದ ವಿಮಾನ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 14,000 ಕಿ.ಮೀ. ಗೋಡೆಯ ನಕಾಶೆ ನೋಡಿ ‘ಪೆಸಿಫಿಕ್ ದಾಟಿದರಾಯ್ತು’ ಎನ್ನಬೇಡಿ. ಭೂಮಿ ಗುಂಡಗಿದೆ, ಹತ್ತಿರದ ದಾರಿ ಉತ್ತರ ಧ್ರುವದ ಕಡೆಯಿಂದ! 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೋದಿಂದ ಆ ಹಾದಿಯಲ್ಲೇ ಸುಮಾರು 17 ಗಂಟೆ ಹಾರಿ ಬೆಂಗಳೂರಿಗಿಳಿಯಿತು. ಅಲ್ಲಿ ಹೊರಟದ್ದು ಶನಿವಾರ ರಾತ್ರಿ, ಇಲ್ಲಿಳಿದದ್ದು ಸೋಮವಾರ ನಸುಕಿಗೆ. ನಡುವಿನ ಭಾನುವಾರದ ಬಾಡೂಟ, ಮಧ್ಯಾಹ್ನದ ನಿದ್ದೆ ಎಲ್ಲ ಗೋವಿಂದ.

ಹೋಗುವಾಗ ಗಡಿಯಾರ ಮಹಾ ಉದಾರಿ. ಇಲ್ಲಿ ಮಧ್ಯಾಹ್ನ ಉಂಡು ನೇರ ವಿಮಾನ ಹತ್ತಿದರೆ, ಅಲ್ಲಿ ಅದೇ ದಿನ ಸಂಜೆ ಕಾಫಿಗೆ ಹಾಜರು. ಗೋಡೆ ಗಡಿಯಾರದ ಲೆಕ್ಕಕ್ಕೆ ಮೂರ್ನಾಲ್ಕೇ ಗಂಟೆ. ಮಂಡಿಯನ್ನು ಕೇಳಿ, ಅದು ನಿಜ ಹೇಳುತ್ತದೆ. ಇಷ್ಟಾದರೂ ಜಯನಗರದಿಂದ ದೇವನಹಳ್ಳಿ ವಿಮಾನ ನಿಲ್ದಾಣ ತಲುಪುವ ಹೊತ್ತನ್ನು ನಾವಿನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಅದು ಯಾವ ಕಾಲವಲಯಕ್ಕೂ ಬಗ್ಗದ ಬಾಬತ್ತು.